ಇಲ್ಲದ ನಾಯಿಗೆ ಒಂದು ಜೊತೆ ಪಟ್ಟಿ

"ನಾಯಿಗಾ?"

ಧನ್ಯಾ ಅದನ್ನು ಎಷ್ಟು ಮೆಲ್ಲಗೆ ಕೇಳಿದಳೆಂದರೆ, ಎದುರಿಗೆ ನಿಂತಿದ್ದವನ ಕಿವಿಗಳೆರಡೂ ಕೆಂಪಾದವು.

"ಹೌದು... ನಾಯಿಗೆ."

ಅವನು ಪೇಪರಿನಲ್ಲಿ ಸುತ್ತಿ ತಂದಿದ್ದ ಗಂಟು ಈಗ ಅವಳ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಕರಿಯ ರೆಕ್ಸಿನ್ನಿನ ನಾಲ್ಕು ಕೈಕಾಲುಪಟ್ಟಿಗಳು. ಭುಜದಿಂದ ಎದೆಗೆ ಬಳಸಿ ಕಟ್ಟುವ ಇನ್ನೊಂದು ಪಟ್ಟಿ. ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿದ್ದು. ಬಿಸಿಲಿಗೆ ಸುಟ್ಟ ಬೆನ್ನಿನಂತೆ ರೆಕ್ಸಿನ್ ಸಿಪ್ಪೆ ಏಳುತ್ತಿತ್ತು. ರಿಂಗುಗಳ ಬೆಸುಗೆ ಬಾಯಿ ಬಿಟ್ಟಿತ್ತು.

ಥೂ... ಇದೂ ಒಂದು ಹೊಲಿಗೆಯಾ!

ಹೊನ್ನಾವರದಲ್ಲಿ ಧನ್ಯಾಳ ಹೊಲಿಗೆ ಎಂದರೆ ಮಾತೇ ಬೇರೆ. ಹೊಳೆಯಾಚೆಯ ಕಾಸರಕೋಡಿನ ದೋಣಿಗಳ ಲೈಫ್ ಜಾಕೆಟ್ಟು, ಟಾರ್ಪಾಲು, ತೆಂಗಿನಮರ ಹತ್ತುವವರ ಸೊಂಟದ ಬೆಲ್ಟು, ಎಲ್ಲ ಅವಳ ಮಶಿನ್ನಿನ ಕೆಳಗೇ ಹಾದುಹೋಗಬೇಕು. ಅವಳು ಹೊಲಿದದ್ದು ಬಿಟ್ಟುಕೊಂಡಿತು ಎಂದು ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ.

"ಈ ರಿಂಗು ಬದಲಾಯಿಸಿ, ಸ್ವಲ್ಪ ಗಟ್ಟಿ ಮಾಡಿ ಕೊಡ್ತೀರಾ?"

"ಗಟ್ಟಿ ಮಾಡಲಿಕ್ಕೆ ಇದರಲ್ಲಿ ಎಂತ ಉಂಟು? ಹೊಸತೇ ಹೊಲೀಬೇಕು. ಅಳತೆ?"

ಅವನು ತಲೆಯಲ್ಲಿ ಭಟ್ಕಳ ಎಂದು ಅಚ್ಚಾಗಿದ್ದ ಚೀಟಿ ಕೊಟ್ಟ. ಅಳತೆಗಳನ್ನು ಮುದ್ದಾದ ಅಕ್ಷರದಲ್ಲಿ, ಮಿಲಿಮೀಟರಿನಲ್ಲಿ ಬರೆದಿದ್ದ.

ಧನ್ಯಾ ಓದಿ, ಮನಸ್ಸಿನಲ್ಲೇ ಇಂಚಿಗೆ ತಿರುಗಿಸಿದಳು. ಮೂಲೆಯಲ್ಲಿ ಕೂತು ನೂಲು ಕತ್ತರಿಸುತ್ತಿದ್ದ ದುರ್ಗಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದಳು. "ದುರ್ಗಕ್ಕ, ಈ ನಾಯಿಯ ಎದೆ ಮೂವತ್ತೆಂಟು ಇಂಚು!"

"ಅಯ್ಯೋ, ನಾಯಿಯಾ ಹೋರಿಯಾ ತಮಾ?" ದುರ್ಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಹೆಸರೆಂತ ನಾಯಿದು?"

"ಹೆಸರು... ಹೆಸರು ಯಾಕೆ?"

"ನಮ್ಮಲ್ಲಿ ಹಾಗೇ. ಹಾಕಿಕೊಳ್ಳುವವರ ಹೆಸರು ಒಳಗೆ ಕೆಂಪು ನೂಲಿನಲ್ಲಿ ಹೊಲೀದೇ ಪಟ್ಟಿ ಅಂಗಡಿ ದಾಟೂದಿಲ್ಲ. ಒಬ್ಬನ ಬೆಲ್ಟು ಇನ್ನೊಬ್ಬ ಹಾಕಿಕೊಂಡು ಮರದಿಂದ ಬಿದ್ದ ಮೇಲೆ ನಮ್ಮಪ್ಪ ಮಾಡಿದ ಪದ್ಧತಿ."

ಅವನ ಕಣ್ಣು ಬೀದಿಯ ಕಡೆ ಹೋಯಿತು.

"...ಟಾಮಿ."

ದುರ್ಗಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಧನ್ಯಾ ನಗಲಿಲ್ಲ. ಇಬ್ಬರು ದೊಡ್ಡವರು ಒಪ್ಪಿಕೊಂಡು, ಒಬ್ಬರನ್ನೊಬ್ಬರು ಕಟ್ಟಿ ಆಡುವ ಪ್ರೇಮದಾಟವೊಂದಿದೆ ಎಂಬುದು ಮೂವತ್ನಾಲ್ಕು ವರ್ಷದ ಅವಳಿಗೆ ತಿಳಿಯದ ಸಂಗತಿಯಲ್ಲ. ಅದರ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ.

ಸಿಟ್ಟು ಬಂದದ್ದು ಆ ಸುಳ್ಳಿನ ಮೇಲೆ. ಅಂಗಡಿಯಲ್ಲಿ ಒಂದು ಮಾತು ನೆಟ್ಟಗೆ ಹೇಳಲಾರದವನು, ಕಟ್ಟಿಸಿಕೊಳ್ಳುವವಳ ಹತ್ತಿರ ನೆಟ್ಟಗೆ ಕೇಳುತ್ತಾನಾ?

ಕುಮಟೆಯ ಮಾದೇವ ಕೇಳಿದ್ದನೇ? ನಾಲ್ಕು ವರ್ಷ ಅವಳ ಗಂಡನಾಗಿದ್ದವನು. ಬಸ್‌ಸ್ಟ್ಯಾಂಡಿನಲ್ಲಿ, ಅಡುಗೆಮನೆಯಲ್ಲಿ, ನೆಂಟರೆದುರು... ಅವಳ ಮಣಿಕಟ್ಟು ಅವನ ಮುಷ್ಟಿಯಲ್ಲೇ ಇರಬೇಕಿತ್ತು. "ಬಿಡಿ" ಎಂದಾಗಲೆಲ್ಲ ಹಿಡಿತ ಇನ್ನಷ್ಟು ಬಿಗಿಯುತ್ತಿತ್ತು.

"ಶನಿವಾರ ಬನ್ನಿ," ಎಂದಳು, ಮುಖ ನೋಡದೆ. "ಭಟ್ಕಳದಿಂದ ಇಷ್ಟು ದೂರ ಯಾಕೆ ಬಂದದ್ದು? ಅಲ್ಲಿ ಹೊಲಿಯುವವರಿಲ್ವಾ?"

"ಅಲ್ಲಿ ನನ್ನ ಕನ್ನಡಕದ ಅಂಗಡಿ ಇದೆ. ಎಲ್ಲರಿಗೂ ನನ್ನ ಪರಿಚಯ..."

"ಓಹೋ! ಮರ್ಯಾದಸ್ಥರು."

ಅವನು ರಸೀದಿ ಪುಸ್ತಕದಲ್ಲಿ ಹೆಸರು ಬರೆದು ಹೊರಟ. ಅವನ ಹೆಸರು ಶಿಶಿರ.

* * *

ಮೊದಲು ಮಣಿಕಟ್ಟಿನ ಒಂದು ಜೊತೆ ತಯಾರಾಯಿತು. ತಿರಸ್ಕಾರದಿಂದ ಹೊಲಿದರೂ ಧನ್ಯಾಳ ಹೊಲಿಗೆ ಕೆಡುವುದಿಲ್ಲ. ಮರ ಹತ್ತುವವರ ಬೆಲ್ಟಿಗೆ ಹಾಕುವ ಬಕಲನ್ನೇ ಹಾಕಿದಳು. ಎಳೆದಷ್ಟೂ ಕಚ್ಚಿಕೊಳ್ಳುವ ಬಕಲ್ ಅದು. ಒಳಗೆ, ಕೆಂಪು ನೂಲಿನಲ್ಲಿ, ಬೇಕೆಂದೇ ಎರಡು ಪಟ್ಟು ದೊಡ್ಡ ಅಕ್ಷರದಲ್ಲಿ "ಟಾಮಿ" ಎಂದು ಹೊಲಿದಳು. ಪಕ್ಕದಲ್ಲಿ ಎಂದಿನಂತೆ ಅಂಗಡಿಯ ಫೋನ್ ನಂಬರು.

ಶನಿವಾರ ಬಂದ ಶಿಶಿರ ಪಟ್ಟಿ ತಿರುಗಿಸಿ ನೋಡಿದ. ಅಕ್ಷರ ಕಂಡಿತು. ತುಟಿ ಕಚ್ಚಿಕೊಂಡ. ದುಡ್ಡು ಎಣಿಸಿ ಕೊಟ್ಟ.

ಹೊರಡುವಾಗ ಅವನ ಕಣ್ಣು ದುರ್ಗಿಯ ಕನ್ನಡಕದ ಮೇಲೆ ಬಿತ್ತು. ಒಂದು ಕಡ್ಡಿಗೆ ಹೊಲಿಗೆ ನೂಲು ಸುತ್ತಿತ್ತು.

"ಅಮ್ಮಾ, ಒಂದು ನಿಮಿಷ ಕೊಡಿ."

ಜೇಬಿನಿಂದ ಪುಟ್ಟ ಸ್ಕ್ರೂ ಡ್ರೈವರ್ ತೆಗೆದ. ತಿರುಪು ಕೂರಿಸಿದ. ಮೂಗಿನ ಮೇಲೆ ಕೂರುವ ಗುಂಡಿಗಳನ್ನು ಅಷ್ಟಿಷ್ಟು ಬಾಗಿಸಿ, ಅವಳ ಕಿವಿಗೆ ಸಿಕ್ಕಿಸಿ ಕೇಳಿದ. "ಚುಚ್ತದಾ?"

"ಇಲ್ಲ ತಮಾ."

"ಸರಿಯಾಗಿ ಹೇಳಿ. ಸುಮ್ಮನೆ ನನ್ನ ಸಮಾಧಾನಕ್ಕೆ ಬೇಡ."

"...ಎಡಗಡೆ ಒಂಚೂರು."

ಮತ್ತೆ ತೆಗೆದ. ಮತ್ತೆ ಬಾಗಿಸಿದ. ಮೂರು ಸಲ. ದುರ್ಗಿಯ ಮೂಗಿನ ಮೇಲಿದ್ದ ಹಳೆಯ ಹುಣ್ಣಿಗೆ ಗುಂಡಿ ತಗಲದಂತಾದ ಮೇಲೆಯೇ ಅವನು ಬಸ್ಸಿಗೆ ಹೋದದ್ದು.

"ಒಳ್ಳೆ ಹುಡುಗ," ಎಂದಳು ದುರ್ಗಿ.

"ಮೊದಲು ಎಲ್ಲರೂ ಒಳ್ಳೆಯವರೇ ದುರ್ಗಕ್ಕ!" ಧನ್ಯಾ ಪೆಡಲು ಒತ್ತಿದಳು. ಮಶಿನ್ನಿನ ಸದ್ದಿನಲ್ಲಿ ತನ್ನ ಮನಸ್ಸಿನ ಮಾತು ತನಗೇ ಕೇಳದಿರಲಿ ಎಂಬಂತೆ.

* * *

ಭಾನುವಾರ, ಬೆಳಗಿನ ಹನ್ನೊಂದು ಗಂಟೆ. ಫೋನು ಬಂತು.

"ನಾನು... ಟಾಮಿಯ ಕಡೆಯವನು."

"ಎಂತ?"

"ನಿಮ್ಮ ಬಕಲ್ ಬಿಚ್ಚಲಿಕ್ಕೆ ಬರ್ತಾ ಇಲ್ಲೆ... ಇಲ್ಲ. ಎಳೆದಷ್ಟೂ ಬಿಗೀತಾ ಇದೆ."

ಗಾಬರಿಯಲ್ಲಿ ಅವನಿಗೆ ಮನೆಮಾತು ಬಂದಿತ್ತು. ಧನ್ಯಾ ಕುರ್ಚಿಯಿಂದ ಎದ್ದೇಬಿಟ್ಟಳು.

"ಯಾರನ್ನು ಕಟ್ಟಿದ್ದೀರಿ? ಅವಳ ಕೈಗೆ ಫೋನು ಕೊಡಿ! ಈಗಲೇ ಕೊಡಿ!"

"ಅವಳು ಯಾರೂ ಇಲ್ಲ. ನನ್ನ ಕೈಯೇ."

ಅವಳು ನಂಬಲಿಲ್ಲ. ವಿಳಾಸ ಕೇಳಿಕೊಂಡಳು, ಕಟ್ಟರ್ ಚೀಲಕ್ಕೆ ಹಾಕಿದಳು, ಸ್ಕೂಟರ್ ಹತ್ತಿದಳು. ಹೆದ್ದಾರಿಯುದ್ದಕ್ಕೂ ಒಂದೇ ಯೋಚನೆ. ಯಾವಳೋ ಒಬ್ಬಳು ಅಳುತ್ತಿದ್ದರೆ? ಆ ಬಕಲ್ ಹಾಕಿದ ಕೈ ನನ್ನದಲ್ಲವಾ! ಅಲ್ಲಿಯವರೆಗೆ ಅವನಿಗೆ ಮೀಸಲಾಗಿದ್ದ ಅಸಹ್ಯ ಶಿರಾಲಿ ದಾಟುವಷ್ಟರಲ್ಲಿ ತನ್ನ ಮೇಲೇ ತಿರುಗಿತ್ತು.

ಹಿಂದಿನ ಬಾಗಿಲು ತೆರೆದಿತ್ತು.

ಅಡುಗೆಮನೆಯಲ್ಲಿ ಶಿಶಿರ ಒಬ್ಬನೇ. ಇಸ್ತ್ರಿ ಮಾಡಿದ ಪೂರ್ತಿ ತೋಳಿನ ಅಂಗಿ. ಎಡಗೈ ಕಿಟಕಿಯ ಸರಳಿಗೆ ಸಿಕ್ಕಿಕೊಂಡಿತ್ತು. ಬಲಗೈಯಲ್ಲಿ ಫೋನು. ಎದುರಿಗೆ ಆರಿ ತಣ್ಣಗಾದ ಚಹಾ.

ಧನ್ಯಾ ಒಳಕೋಣೆ, ಜಗಲಿ, ಬಚ್ಚಲು ಎಲ್ಲ ನೋಡಿ ಬಂದಳು. ಯಾರೂ ಇಲ್ಲ!

"ಕತ್ತರಿ ಎಲ್ಲಿ?"

"ಅಂಗಡಿಯಲ್ಲಿ."

"ಭೇಷ್! ಕಟ್ಟಿಕೊಳ್ಳುವ ಮನೆಯಲ್ಲಿ ಬಿಚ್ಚುವ ಕತ್ತರಿ ಇಲ್ಲ. ನಾಯಿಗಾದರೂ ಇದಕ್ಕಿಂತ ಬುದ್ಧಿ ಇರ್ತದೆ."

"ಫೋನು ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದೆ..." ಅವನು ಬೈಸಿಕೊಳ್ಳುತ್ತಲೇ ಹೇಳಿದ.

ಅವಳು ಬಗ್ಗಿ ನೋಡಿದಳು. ಪಟ್ಟಿಯ ಅಂಚಿಗೆ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯನ್ನು ಮಡಚಿ ಹೊಲಿದಿದ್ದ. ವಕ್ರವಕ್ರ ಹೊಲಿಗೆ. ಸೂಜಿ ಹಿಡಿದು ಅಭ್ಯಾಸವಿಲ್ಲದವನ ಕೆಲಸ. ಆದರೂ ಬಕಲ್ ಕಚ್ಚಿದ ಕಡೆ ಚರ್ಮ ಕೆಂಪಾಗಿತ್ತು.

"ಯಾರಿಗೆ ಇದು?" ಅವಳ ದನಿ ತಗ್ಗಿತು. ಯಾವ ಗಿರಾಕಿಗೂ ಕೇಳದೆ ಬಿಡದ ಪ್ರಶ್ನೆಯನ್ನು, ಅವಳು ನಿಜವಾಗಿ ಈಗಲೇ ಕೇಳಿದ್ದು.

"ನನಗೇ."

ಧನ್ಯಾ ತಲೆಯೆತ್ತಿ ಅವನ ಮುಖ ನೋಡಿದಳು.

"ನಾನು ಕಟ್ಟುವವನಲ್ಲ ಧನ್ಯಾ ಅವರೇ. ಕಟ್ಟಿಸಿಕೊಳ್ಳುವವನು. ಒಬ್ಬರನ್ನು ಪೂರ್ತಿ ನಂಬಿ ಕೈ ಕೊಟ್ಟರೆ ಹೇಗಿರ್ತದೆ ಅಂತ... ಇದು ನನ್ನ ಆಸೆ. ಯಾರಿಗೋ ಕಟ್ಟಿ ಅಂತ ಹೇಳುವ ಮೊದಲು, ಎಲ್ಲಿ ನೋಯ್ತದೆ ಅಂತ ನನಗೆ ಗೊತ್ತಿರಬೇಕಲ್ಲ?"

ಧನ್ಯಾ ಆ ಕೆಂಪಾದ ಚರ್ಮವನ್ನು ಮತ್ತೊಮ್ಮೆ ನೋಡಿದಳು.

"ಎರಡು ವರ್ಷದ ಹಿಂದೆ ಸ್ಮೃತಿ ಅನ್ನುವವರ ಜೊತೆ ಮದುವೆ ಮಾತಾಗಿತ್ತು. ಮುಚ್ಚಿಡಬಾರದು ಅಂತ ಹೇಳಿದೆ. ಅವರು ಬೇಡ ಅಂದರು."

"ಊರಿಗೆಲ್ಲ ಹೇಳಿ ನಗಾಡಿದರಾ?"

"ಅವರಲ್ಲ. ಅವರ ಮನೆಯವರು. ಸ್ಮೃತಿಗೆ ಬೇಡ ಅನ್ನುವ ಹಕ್ಕಿತ್ತು. ಅದರಲ್ಲಿ ತಪ್ಪೇನಿಲ್ಲ. ಆಮೇಲೆ ನನಗೆ ನಾಯಿ ಹುಟ್ಟಿತು, ಅಷ್ಟೇ."

ಬಿಟ್ಟುಹೋದವಳ ಬಗ್ಗೆ ಇಷ್ಟು ಮರ್ಯಾದೆಯಿಂದ ಮಾತಾಡುವ ಗಂಡಸನ್ನು ಧನ್ಯಾ ನೋಡಿರಲಿಲ್ಲ. ತನ್ನ ಹೆಸರನ್ನು ಮಾದೇವ ಕುಮಟೆಯ ಯಾವ ಯಾವ ಕಟ್ಟೆಯ ಮೇಲೆ ಅರೆದಿದ್ದಾನೋ...

ಅವಳು ಕಟ್ಟರ್ ತೆಗೆದಳು. ತನ್ನದೇ ಹೊಲಿಗೆಯನ್ನು, ಜೀವಮಾನದಲ್ಲಿ ಮೊದಲ ಸಲ, ತಾನೇ ಕತ್ತರಿಸಿದಳು.

"ತಪ್ಪು ನಂದು," ಎಂದಳು, ಅವನ ಕೈಯನ್ನು ಮುಟ್ಟದೆ. "ಮರ ಹತ್ತುವವನಿಗೆ ಬಿಡಬಾರದ ಬಕಲ್ ಬೇಕು. ನಿಮಗೆ ಬೇಕಾದ್ದು ಬಿಡುವ ಬಕಲ್. ಯಾರಿಗೆ ಅಂತ ಕೇಳದೆ ಹೊಲಿದೆ. ಬುಧವಾರ ಅಂಗಡಿಗೆ ಬನ್ನಿ. ಹೊಸತಾಗಿ ಆರಿಸುವಾ."

ಬಾಗಿಲಲ್ಲಿ ತಿರುಗಿ ನಿಂತಳು. "ಟಾಮಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ."

* * *

ಬುಧವಾರ ಒಂದಲ್ಲ, ಐದು ಬುಧವಾರಗಳಾದವು.

ಮೇಜಿನ ಮೇಲೆ ಪಟ್ಟಿಗಳ ರಾಶಿ. ಧನ್ಯಾ ಒಂದೊಂದನ್ನೇ ಎತ್ತಿ ಆಚೆ ಎಸೆಯುತ್ತಿದ್ದಳು. "ಇದು ಅಗಲ ಸಾಲದು, ಕೊಯ್ತದೆ. ಎರಡು ಇಂಚಾದರೂ ಬೇಕು. ಇದು ಮೊಬೈಲಿನಲ್ಲಿ ಮಾರುವವರ ಸ್ಟೈಲು, ಹೊಳೆಯುವುದು ಬಿಟ್ಟು ಬೇರೆ ಕೆಲಸ ಇಲ್ಲ. ಈ ಬೀಗ? ಕೀಲಿ ಕಳೆದರೆ ನನಗೇ ಫೋನಾ?"

"ಈ ಕುತ್ತಿಗೆಯ ಪಟ್ಟಿ?"

"ಕುತ್ತಿಗೆಗೆ ಎಂತದೂ ಇಲ್ಲ! ನನ್ನ ಅಂಗಡಿಯಿಂದ ಅಂಥದ್ದು ಹೊರಗೆ ಹೋಗೂದಿಲ್ಲ."

"ಆತು, ಆತು!" ಅವನು ಎರಡೂ ಕೈ ಎತ್ತಿದ. ಅವಳಿಗೆ ನಗು ಬಂತು. ಮುಖ ತಿರುಗಿಸಿಕೊಂಡಳು.

ಕುಮಟೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಿದ್ದವಳು, ಒಳಗಿನ ಮೆತ್ತೆಗೆ ಬೇಕಾದ ಉಣ್ಣೆಬಟ್ಟೆಗೆಂದು ಅಲ್ಲಿಯ ಗಾದಿ ಅಂಗಡಿಗೆ ಹೋಗಿ ಬಂದಳು. ದಾರಿಯಲ್ಲಿ ಮಾದೇವ ಎದುರಾದ. ಅವನನ್ನು ಅವಳು ಹರಿದ ಟಾರ್ಪಾಲಿನಂತೆ ನೋಡಿದಳು. ಹೊಲಿದು ಉಪಯೋಗವಿಲ್ಲದ್ದು!

ಎದೆಪಟ್ಟಿಗೆ ಅಳತೆ ತೆಗೆದ ದಿನ ಟೇಪನ್ನು ಅವಳು ತಾನೇ ಅವನ ಎದೆಗೆ ಬಳಸಿ ಹಿಡಿದಳು.

"ಉಸಿರು ಪೂರ್ತಿ ಎಳೆಯಿರಿ. ಇನ್ನೂ. ಆ ಅಳತೆಗೇ ಹೊಲೀಬೇಕು. ಮೇಲಿಂದ ಎರಡು ಬೆರಳು ಸಲೀಸಾಗಿ ಹೋಗಬೇಕು."

ಅವನು ಉಸಿರು ಎಳೆದು ನಿಂತ. ಅವನ ಎದೆಬಡಿತ ಟೇಪಿನ ಮೇಲೆ ಗೊತ್ತಾಗುತ್ತಿತ್ತು.

"ಬಿಡಲಾ?" ಅವನು ಕಷ್ಟದಲ್ಲಿ ಕೇಳಿದ.

"ಅಯ್ಯೋ, ಬಿಡಿ ಮಾರಾಯ್ರೆ!"

"ಅವ ಉಸಿರು ಕಟ್ಟಿ ಸತ್ತಿದ್ರೆ ಎಂತ ಮಾಡ್ತಿದ್ದೆ ತಂಗಿ?" ದುರ್ಗಿ ಹೊಸ ತಿರುಪಿನ ಕನ್ನಡಕದ ಮೇಲಿಂದ ನೋಡುತ್ತಾ ಕೇಳಿದಳು. "ಅಳತೆ ಮುಗೀದೇ ಐದು ವಾರ ಆತು!"

ಛೀ ಧನ್ಯಾ, ನಿನಗೆ ಬುದ್ಧಿ ಉಂಟಾ? ಅವಳು ತನ್ನನ್ನೇ ಬೈದುಕೊಂಡಳು. ಆದರೆ ಮನಸ್ಸು ಕೇಳುತ್ತಿದ್ದುದು ಬೇರೆಯೇ. ಇವನ ಕೈಯ ಪಟ್ಟಿಯ ತುದಿ ಹಿಡಿಯುವವಳು ಯಾರೋ... ಎಲ್ಲಿದ್ದಾಳೋ... ಆ ಯಾರೋ ಒಬ್ಬಳ ಮೇಲೆ, ಹುಟ್ಟದ ಆ ಹೆಂಗಸಿನ ಮೇಲೆ, ಅವಳಿಗೆ ತಡೆಯಲಾರದ ತಾತ್ಸಾರ!

* * *

ಆರನೆಯ ಬುಧವಾರ ಎಲ್ಲ ತಯಾರಿತ್ತು. ದುರ್ಗಿ ಮೀನು ತರುವ ನೆಪ ಹೇಳಿ ಹೊರಟುಹೋಗಿದ್ದಳು. ಮೀನು ಬೆಳಿಗ್ಗೆಯೇ ತಂದಾಗಿತ್ತು.

ಶಿಶಿರ ಎದೆಪಟ್ಟಿಯನ್ನು ಎತ್ತಿ ನೋಡಿದ. ಒಳಗೆ ಕೆಂಪು ನೂಲಿನಲ್ಲಿ "ಶಿಶಿರ". ಸಣ್ಣ, ಒಪ್ಪವಾದ ಅಕ್ಷರ. ಬಕಲ್ಲಿನ ಬಾಲ ಒಮ್ಮೆ ಎಳೆದ. ತಟಕ್ಕನೆ ಬಿಚ್ಚಿಕೊಂಡಿತು. ಪಕ್ಕದ ಪುಟ್ಟ ಚೀಲದಲ್ಲಿ ಮೊಂಡು ತುದಿಯ ಒಂದು ಕತ್ತರಿ.

"ನನ್ನ ಹೆಸರನ್ನು ಇಷ್ಟು ಮರ್ಯಾದೆಯಿಂದ ಯಾರೂ ಬರೆದಿರಲಿಲ್ಲ," ಎಂದ.

ಅದರ ಕೆಳಗೆ ಇನ್ನೊಂದು ಜೊತೆ ಪಟ್ಟಿ ಇತ್ತು. ಅವನ ಕೈಗಿಂತ ಸಣ್ಣ ಅಳತೆ.

"ಇದು ಟಾಮಿದಾ?"

"ತಿರುಗಿಸಿ ನೋಡಿ."

ತಿರುಗಿಸಿದ. ಕೆಂಪು ನೂಲು. "ಧನ್ಯಾ."

ಅವನ ಕಣ್ಣು ಮಂಜಾಯಿತು. ಊರಿಗೆಲ್ಲ ಕನ್ನಡಕ ಕೊಡುವವನಿಗೆ ಒಂದು ಗಳಿಗೆ ಏನೂ ಕಾಣಲಿಲ್ಲ.

"ನಿಮ್ಮ ಪಟ್ಟಿಯ ತುದಿ ನಾನು ಹಿಡೀತೆ," ಧನ್ಯಾ ನೆಲ ನೋಡುತ್ತಾ ಹೇಳಿದಳು. "ಇನ್ನೊಬ್ಬಳು ಹಿಡಿದರೆ ನನಗೆ ಸಹಿಸಲಿಕ್ಕೆ ಆಗೂದಿಲ್ಲ. ಆದರೆ... ನನ್ನ ಕೈಯನ್ನು ಒಬ್ಬ ಕೇಳದೇ ಹಿಡಿದಿದ್ದ, ಶಿಶಿರ. ಕೇಳಿ ಹಿಡಿದರೆ ಹೇಗಿರ್ತದೆ ಅಂತ ನನಗೂ ಗೊತ್ತಾಗಬೇಕು."

"ಕೊಡ್ತೀರಾ?"

ಅವಳು ಬಲಗೈ ಚಾಚಿದಳು. ಅವನು ಪಟ್ಟಿ ಸುತ್ತಿದ. ಎರಡು ಬೆರಳು ಒಳಗೆ ತೂರಿಸಿ ನೋಡಿದ. ಬಕಲ್ ಕೂಡಿತು, ಅಷ್ಟೇ...

"ಬಿಚ್ಚಿ!"

ತಟಕ್. ಅವಳ ಮಾತು ಮುಗಿಯುವುದರೊಳಗೆ ಪಟ್ಟಿ ಮೇಜಿನ ಮೇಲಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದ.

ಧನ್ಯಾ ತನ್ನ ಬರಿಗೈಯನ್ನು ನೋಡಿದಳು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಯಾಕೆ ಅಂತ ಕೇಳಲಿಲ್ಲ ನೀವು."

"ಚುಚ್ತದೆ ಅಂದವರ ಕನ್ನಡಕ ಮೊದಲು ತೆಗೀಬೇಕು. ಕಾರಣ ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು."

"ಚುಚ್ಚಲಿಲ್ಲ," ಅವಳು ಮೂಗು ಒರೆಸಿಕೊಂಡಳು. "ನೋಡಿದ್ದು, ಅಷ್ಟೇ."

"ನೂರು ಸಲ ನೋಡಿ. ನೂರು ಸಲ ಬಿಚ್ತೇನೆ."

"ಸುಳ್ಳು ಹೇಳಿದರೆ?"

"ನನಗೆ ಈಗ ನಾಯಿ ಇಲ್ಲ ಧನ್ಯಾ."

ಅಳುವಿನ ನಡುವೆಯೇ ಅವಳು ನಕ್ಕಳು. ಆಮೇಲೆ, ಯಾರೂ ಎಳೆಯದೆ, ಯಾರೂ ಹಿಡಿಯದೆ, ತಾನಾಗಿಯೇ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

"ಈಗ ಕಟ್ಟಿ."