ಅತಿಥಿಗೆ ನಿನ್ನೆಯ ನೀರು

"ಮೇಡಂ, ನಿಮ್ಮ ಪಾಸ್‌ವರ್ಡ್ ಬೇಕಿತ್ತು."

ಸೂರಿಬಾಬು ಸತ್ಯವೇಣಿಯ ಜೊತೆ ಆಡಿದ ಮೊದಲ ಮಾತೇ ಇದು! ನಮಸ್ಕಾರವಿಲ್ಲ, ಹೆಸರು ಹೇಳಿದ್ದಿಲ್ಲ...

ರಾಜಮಂಡ್ರಿಯ ಗೋದಾವರಿ ದಂಡೆಯ ಸಣ್ಣ ಕಚೇರಿಯೊಂದರಲ್ಲಿ ನದಿಯ ನೀರುಮಟ್ಟ ಬರೆದಿಡುವವಳು ಅವಳು. ಅವನು ಅಂದು ಬೆಳಿಗ್ಗೆಯಷ್ಟೇ ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದ.

"ಮನೆ ಬೀಗದ ಕೈನೂ ಕೊಡ್ಲಾ?" ಎಂದಳು ಕೆಂಡವಾಗಿ.

"ಆಯ್, ಅದಕ್ಕೇನೂ ಅವಸರ ಇಲ್ಲ ಮೇಡಂ," ಎಂದ, ಆ ಸೀಮೆಯವರು ವಿನಯಕ್ಕೆ ಹೇಳುವ 'ಆಯ್' ಸೇರಿಸಿ.

ಅವಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

ಮೇಲಿನ ಅಣೆಕಟ್ಟಿನ ಸರ್ವರ್‌ನಿಂದ ನೀರುಮಟ್ಟದ ಅಂಕಿಯನ್ನು ಕಾಲು ಗಂಟೆಗೊಮ್ಮೆ ತಾನಾಗಿಯೇ ತಂದು ಗೋಡೆಯ ಬೋರ್ಡಿನಲ್ಲಿ ತೋರಿಸುವ ಪ್ರೋಗ್ರಾಂ ಬರೆಯುತ್ತಿದ್ದ ಅವನು. ಆ ಸರ್ವರ್‌ನ ಒಳಗೆ ಹೋಗಲು ಕಚೇರಿಯಲ್ಲಿ ಅಪ್ಪಣೆ ಇದ್ದದ್ದು ಅವಳೊಬ್ಬಳ ಹೆಸರಿಗೆ.

"ನನಗೆ ಹೇಳ್ಬೇಡಿ. ಈ ಫೈಲಲ್ಲಿ ನೀವೇ ಒಂದು ಸಾಲು ಬರೀರಿ. ಸರ್ವರ್ ಹೆಸರು, ನಿಮ್ಮ ಹೆಸರು, ಪಾಸ್‌ವರ್ಡ್, ಅಷ್ಟೇ. ಅಂಕಿ ತರೋ ಲೈಬ್ರರಿಗೆ, ಅಂದ್ರೆ ಪ್ರೋಗ್ರಾಂನ ಆ ಸಿದ್ಧ ಭಾಗಕ್ಕೆ, ಈ ಫೈಲ್ ನೋಡ್ಕೊಂಡು ಹೋಗು ಅಂತ ಹೇಳಿಟ್ಟಿದ್ದೀನಿ. ಅದು ಓದತ್ತೆ. ನಾನು ಓದಲ್ಲ."

"ನಂಬೋದು ಹೇಗೆ?"

ಅವನು ಎದ್ದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ, ಶಾಲೆಯಲ್ಲಿ ಶಿಕ್ಷೆಗೆ ನಿಂತವನ ಹಾಗೆ!

ಬರೆಯುವಾಗ ಫೈಲಿನ ಕೊನೆಯ ಸಾಲು ಅವಳ ಕಣ್ಣಿಗೆ ಬಿತ್ತು. "ಇದೇನು?"

"ಮೇಲಿನ ಸಾಲುಗಳಲ್ಲಿ ಯಾರ ಹೆಸರೂ ಸಿಗದಿದ್ರೆ 'ಅತಿಥಿ' ಅಂತ ಹೇಳ್ಕೊಂಡು ಹೋಗು ಅಂತ. ಬೋರ್ಡು ಖಾಲಿ ಕಂಡ್ರೆ ದೊಡ್ಡ ಸಾಹೇಬರು ಕೂಗಾಡ್ತಾರಂತಲ್ಲ? ಅದಕ್ಕೆ. ಆದ್ರೆ ಅಲ್ಲಿ ಹೆಸರು ಹೇಳಿ ಹೋದವರಿಗೆ ಬಿಸಿ ಅನ್ನ. ಅತಿಥಿಗೆ ನಿನ್ನೆಯ ತಂಗಳು."

ಸತ್ಯವೇಣಿ ನಕ್ಕಳು. ನಕ್ಕು ಮರೆತಳು.

ಮರೆಯಬಾರದಿತ್ತು...

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು. ಪ್ರತಿ ತಿಂಗಳೂ ಅವಳು ಬರೆಯುವಳು, ಅವನು ಗೋಡೆ ನೋಡುವನು. ಎಂಟು ತಿಂಗಳು ಆ ಬೆನ್ನು ನೋಡಿ ನೋಡಿ ಅವಳಿಗೆ ಪ್ರೀತಿ ಹುಟ್ಟಿತು. ಮುಖ ನೋಡಿ ಮನಸೋಲುವವರಿದ್ದಾರೆ, ನಮ್ಮ ಸತ್ಯವೇಣಿ ಬೆನ್ನು ನೋಡಿ ಸೋತಳು! 'ಮೇಡಂ' ಹೋಗಿ 'ಸತ್ಯಾ' ಬಂತು. ಬಾಯಿ ಬಿಟ್ಟು ಹೇಳುವುದೊಂದೇ ಬಾಕಿ.

ಅಷ್ಟರಲ್ಲಿ ಜುಲೈ ಬಂತು. ಗೋದಾವರಿಗೆ ಕೆಂಪು ನೀರು ಇಳಿಯಿತು.

ಒಂದು ಮಧ್ಯಾಹ್ನ ಸೂರಿ ಅವಳ ಮೇಜಿನ ಮುಂದೆ ನಿಂತು ಕೇಳಿದ. "ಏನು ಗೋರಿಂಕಾ, ಮುಖ ಸಪ್ಪಗಿದೆ?"

ಅವಳ ಕೈಯ ಪೆನ್ನು ಜಾರಿತು.

ಗೋರಿಂಕ ಎಂದರೆ ಗೊರವಂಕ ಹಕ್ಕಿ. ಹಾಗೆ ಅವಳನ್ನು ಕರೆಯುವವಳು ಲೋಕದಲ್ಲಿ ಒಬ್ಬಳೇ, ನದಿಯ ನಡುಗಡ್ಡೆ ಪುಲ್ಲೇಟಿಲಂಕದಲ್ಲಿರುವ ಅವಳ ಅಮ್ಮಮ್ಮ, ತಾಯಿಯ ತಾಯಿ ಮಂಗತಾಯಮ್ಮ. ಆ ತಿಂಗಳ ಪಾಸ್‌ವರ್ಡೂ ಅದೇ ಆಗಿತ್ತು!

*ಓದಿದ್ದಾನೆ... ಗೋಡೆಗೆ ತಿರುಗಿದ್ದೆಲ್ಲ ನಾಟಕ!*

ಕೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ, ಹಾಳು ಸಿಟ್ಟು!

"ಏನಾಯ್ತು ಸತ್ಯಾ? ನಾನೇನು ಮಾಡ್ದೆ?"

"ಕಳ್ಳನ ಮನಸ್ಸಿಗೇ ಗೊತ್ತಿರತ್ತೆ."

ಅವನು ಅತ್ತ ಹೋದ ಮೇಲೆ ಫೈಲ್ ತೆರೆದು ತನ್ನ ಸಾಲನ್ನು ಅಳಿಸಿಬಿಟ್ಟಳು. ಬೋರ್ಡು ಖಾಲಿಯಾಗಲಿ. ಅವನೇ ಓಡಿ ಬಂದು ಬೇಡಲಿ!

ಕಾಲು ಗಂಟೆ ಕಾದಳು. ಬೋರ್ಡು ಖಾಲಿಯಾಗಲಿಲ್ಲ. ಅಂಕಿ ಎಂದಿನಂತೆ ಬಂತು.

 *ನನ್ನ ಹೆಸರಿಲ್ಲದೆಯೂ ನಡೆಯುತ್ತದೆ. ಹಾಗಾದರೆ ನಾನು ಯಾಕೆ?*

ಮೂರು ದಿನ ಅವನ ಮುಖ ನೋಡಲಿಲ್ಲ. ಆ ಮೂರು ದಿನ ನದಿಯೂ ಸುಮ್ಮನಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಸೂರಿ ದೋಣಿ ಹತ್ತಿ ಪುಲ್ಲೇಟಿಲಂಕಕ್ಕೆ ಹೊರಟ. ಅಲ್ಲಿನ ಅಳತೆ ಕಂಬಕ್ಕೆ ಕಸ ಸಿಕ್ಕಿಕೊಂಡಿತ್ತು.

"ಬೋರ್ಡಲ್ಲಿ ಎಂಟೇ ಅಡಿ. ಸಂಜೆಗೆ ಬರ್ತೀನಿ," ಎಂದ ಬಾಗಿಲಲ್ಲಿ ನಿಂತು. "ನಿನ್ನ ಅಮ್ಮಮ್ಮನಿಗೆ ಏನಾದ್ರೂ ಹೇಳ್ಬೇಕಾ?"

ಸತ್ಯವೇಣಿ ತಲೆ ಎತ್ತಲಿಲ್ಲ.

ಹನ್ನೊಂದು ಗಂಟೆಗೆ ಟೀ ತಂದ ಅಪ್ಪಲನರಸಮ್ಮ ಲೋಟ ಇಟ್ಟವಳು ಹೋಗದೆ ನಿಂತಳು.

"ಘಾಟಲ್ಲಿ ಏಳು ಮೆಟ್ಟಿಲು ಮುಳುಗಿದೆ ತಾಯೀ. ಹಾವುಗಳು ಮೇಲೆ ಹತ್ತಿ ಬರ್ತಿವೆ. ನಿಮ್ಮ ಬೋರ್ಡು ಏನನ್ನತ್ತೆ?"

"ಎಂಟು ಅಡಿ, ನಾಲ್ಕು ಅಂಗುಲ."

"ಹಾಗಾದ್ರೆ ಮುಳುಗಿದ್ದು ನನ್ನ ಕಣ್ಣಾ?"

ಅಣೆಕಟ್ಟಿನವರು ಅಂದು ಬೆಳಿಗ್ಗೆ ಕಳಿಸಿದ್ದ ನಿನ್ನೆಯ ಪಟ್ಟಿಯನ್ನು ಸತ್ಯವೇಣಿ ತನ್ನ ನೋಟ್‌ಬುಕ್ ಪಕ್ಕ ಇಟ್ಟು ನೋಡಿದಳು. ನಿನ್ನೆ ಹನ್ನೊಂದು ಗಂಟೆ: ಎಂಟು ಅಡಿ ನಾಲ್ಕು ಅಂಗುಲ. ನಿನ್ನೆ ಹತ್ತೂ ಮುಕ್ಕಾಲು... ಇಂದಿನ ಹತ್ತೂ ಮುಕ್ಕಾಲರದ್ದೂ ಅದೇ. ಒಂಬತ್ತರದ್ದೂ ಅದೇ. ಒಂದು ಅಂಗುಲವೂ ವ್ಯತ್ಯಾಸವಿಲ್ಲ!

ನದಿ ಎರಡು ದಿನ ಒಂದೇ ತರಹ ಹರಿಯುವುದುಂಟೇ?

*ಅತಿಥಿಗೆ ನಿನ್ನೆಯ ತಂಗಳು...*

ಅವಳು ಫೈಲ್ ತೆರೆದಳು. ಒಂದೇ ಸಾಲು ಉಳಿದಿತ್ತು, ಅತಿಥಿಯದು. ಅದರ ಮೇಲೆ ತನ್ನ ಸಾಲನ್ನು ಮತ್ತೆ ಬರೆದು ಪ್ರೋಗ್ರಾಂ ಓಡಿಸಿದಳು.

ಬೋರ್ಡಿನ ಅಂಕಿ ಒಮ್ಮೆ ಮಿನುಗಿ ಬದಲಾಯಿತು.

ಹದಿನಾಲ್ಕು ಅಡಿ!

"ಅಯ್ಯೋ ದೇವರೇ... ಸೂರಿ!"

ಮೂರನೆಯ ಸಲ ಫೋನ್ ತಾಗಿತು.

"ಸೂರಿ, ಈಗಲೇ ಹೊರಡು! ಲಂಕದಲ್ಲಿರೋ ಎಲ್ಲರನ್ನೂ ಹೊರಡಿಸು!"

"ಯಾಕೆ? ಈಗಷ್ಟೇ ಬೋರ್ಡಿನ ಅಂಕಿ ಫೋನಲ್ಲಿ ನೋಡ್ದೆ, ಎಂಟೇ ಇದೆ. ಇಲ್ಲಿ ಕಂಬ ಪೂರ್ತಿ ಕಸದಲ್ಲಿ ಮುಚ್ಚಿದೆ."

"ಅದು ನಿನ್ನೆಯದು! ನನ್ನ ಸಾಲು ಅಳಿಸಿದ್ದೆ... ನಾನೇ ಅಳಿಸಿದ್ದೆ ಸೂರಿ, ಸಿಟ್ಟಲ್ಲಿ!"

 ಫೋನಿನಲ್ಲಿ ನೀರಿನ ಸದ್ದು ಕೇಳಿಸಿತು.

"ಈಗ ಎಷ್ಟಿದೆ?"

"ಹದಿನಾಲ್ಕು. ಏರ್ತಾ ಇದೆ."

"ಅಮ್ಮಮ್ಮನ ಮನೆ ಆ ಕೊನೇಲಿದೆ..." ಎಂದ ಅವನು. ಫೋನ್ ಕಡಿದುಹೋಯಿತು.

ಅವಳು ದೊಡ್ಡ ಸಾಹೇಬರಾದ ಭಾಸ್ಕರರಾವು ಗಾರು ಅವರ ಕೋಣೆಗೆ ಓಡಿ, ಫೈಲಿನ ಸಾಲು ಅಳಿಸಿಹೋಗಿ ಬೋರ್ಡು ನಿನ್ನೆಯ ಅಂಕಿ ತೋರಿಸುತ್ತಿದ್ದುದನ್ನು ಹೇಳಿದಳು. ಒಂದೇ ನಿಮಿಷದಲ್ಲಿ ಸೈರನ್ ಕೂಗಿತು, ದೋಣಿಗಳಿಗೆ ಫೋನ್ ಹೋಯಿತು. ಆಮೇಲೆ ಅವರು ಕನ್ನಡಕ ತೆಗೆದರು.

"ಆ ಸಾಲು ಅಳಿಸಿದ್ದು ಯಾರಮ್ಮಾ?"

ಸುಳ್ಳು ಹೇಳಿದರೆ ಕೆಲಸ ಉಳಿಯುತ್ತಿತ್ತು. ಪ್ರೋಗ್ರಾಂ ಸೂರಿಯದು, ಬೈಗುಳವೂ ಅವನಿಗೇ.

"ನಾನು ಸಾರ್. ಬೇಕಂತಲೇ."

"ಬರೆದು ಕೊಡು."

ಸೈರನ್ ಕೂಗುತ್ತಲೇ ಇತ್ತು. ತನ್ನ ತಪ್ಪನ್ನು ಬರೆದು, ರುಜು ಹಾಕಿ, ಘಾಟಿಗೆ ಓಡಿದಳು.

ಕೆಂಪು ನೀರಿನಲ್ಲಿ ಬೇರು ಸಮೇತ ಮರಗಳು ಬರುತ್ತಿದ್ದವು. ಹುಲ್ಲಿನ ಚಾವಣಿಯೊಂದು ತೇಲಿ ಬಂತು, ಅದರ ಮೇಲೊಂದು ಬೆಕ್ಕು. ಮೊದಲ ದೋಣಿ ಬಂತು, ಅದರಲ್ಲಿ ಅವನಿಲ್ಲ. ಎರಡನೆಯದು ಬಂತು, ಅದರಲ್ಲೂ ಇಲ್ಲ. ಇಳಿದವರನ್ನು ಕೇಳಿದರೆ, "ಮುದುಕಿಯನ್ನ ಕರ್ಕೊಂಡು ಬರ್ತೀನಿ ಅಂತ ವಾಪಸ್ ಹೋದ," ಎಂದರು. ಆಮೇಲೆ ಎರಡು ಗಂಟೆ ಯಾವ ದೋಣಿಯೂ ಬರಲಿಲ್ಲ.

*ತಾಯಿ ಗೋದಾವರೀ, ತಪ್ಪು ನನ್ನದು. ಅವನನ್ನು ಬಲಿ ಕೇಳಬೇಡ... ಅವನನ್ನು ಮಾತ್ರ ಕೇಳಬೇಡ!*

ಹೊತ್ತು ಇಳಿಯುವಾಗ ಮೂರನೆಯ ದೋಣಿ ಕಂಡಿತು. ಮುಂದೆ ಕೋಳಿಬುಟ್ಟಿ ಅಪ್ಪಿಕೊಂಡ ಮಂಗತಾಯಮ್ಮ. ಹಿಂದೆ, ಕೊರಳವರೆಗೆ ಕೆಸರು ಮೆತ್ತಿಕೊಂಡ ಸೂರಿಬಾಬು!

"ಏ ಗೋರಿಂಕಾ!" ದೋಣಿ ದಡ ಮುಟ್ಟುವ ಮೊದಲೇ ಮುದುಕಿ ಕೂಗಿದಳು. "ದನಗಳೆಲ್ಲ ಹೋದವು ಕಣೇ... ಈ ಹುಡುಗ ಎದೆಮಟ್ಟದ ನೀರಲ್ಲಿ ನನ್ನನ್ನ ಹೊತ್ತು ತಂದ. ಹೋದ ತಿಂಗಳು ಕಂಬ ನೋಡೋಕೆ ಬಂದಾಗಲೇ ಇವನಿಗೆ ಹೇಳಿದ್ದೆ, 'ನನ್ನ ಗೋರಿಂಕ ಸಿಡುಕಿ, ನೀನೇ ಹೊಂದ್ಕೊಂಡು ಹೋಗು' ಅಂತ!"

ಸತ್ಯವೇಣಿ ಸೂರಿಯತ್ತ ತಿರುಗಿದಳು.

*ಅಮ್ಮಮ್ಮ ಹೇಳಿದ್ದು... ಅವನು ಓದಿರಲೇ ಇಲ್ಲ!*

ಮರುದಿನ ಬೆಳಿಗ್ಗೆ ಅವಳ ಕೈಯಲ್ಲಿ ಮೆಮೊ ಇತ್ತು. ಹದಿನೈದು ದಿನ ಸಸ್ಪೆಂಡ್. ಸೂರಿಗೂ ಒಂದು ಮೆಮೊ ಬಂದಿತ್ತು, ಅವನೇ ಕೇಳಿ ಪಡೆದದ್ದು.

"ಅತಿಥಿಯ ಸಾಲು ಬರೆದವನು ನಾನು ತಾನೇ?" ಎಂದ.

"ನಿನ್ನನ್ನ ಕಳ್ಳ ಅಂದ್ಕೊಂಡೆ. ಕೊಂದೇಬಿಡ್ತಿದ್ದೆ ಸೂರಿ..." ಅವಳ ಕಣ್ಣು ತುಂಬಿ ಬಂತು. "ನನ್ನ ಹೆಸರಿಲ್ಲದೆಯೂ ಎಲ್ಲ ನಡೀತಿದೆ ಅನ್ಕೊಂಡು ನಾಲ್ಕು ದಿನ ಅತ್ತಿದ್ದೀನಿ."

ಅವನು ಫೈಲ್ ತೆರೆದು ತೋರಿಸಿದ. ಕೊನೆಯ ಸಾಲು ಇರಲಿಲ್ಲ.

"ಅತಿಥಿಯನ್ನ ತೆಗೆದುಹಾಕಿದೆ. ಸಾಹೇಬರು ಎಷ್ಟು ಬೇಕಾದ್ರೂ ಕೂಗಾಡ್ಲಿ. ಇನ್ಮೇಲೆ ನಿನ್ನ ಹೆಸರಿಲ್ಲದಿದ್ರೆ ಬೋರ್ಡು ಖಾಲಿ, ಸತ್ಯಾ." ಅವನು ಕುರ್ಚಿಯಿಂದ ಎದ್ದ. "ನಾನೂ."

ಹೊರಗೆ ನದಿ ಇನ್ನೂ ಮೊರೆಯುತ್ತಿತ್ತು.

"ಹೊಸ ಪಾಸ್‌ವರ್ಡ್ ಬರೆದು ಹೋಗು," ಎಂದು ಅವನು ಗೋಡೆಗೆ ತಿರುಗಿದ.

"ತಿರುಗ್ಬೇಡ. ನೋಡು, ಪರವಾಗಿಲ್ಲ."

"ಆಯ್, ಬೇಡ."

"ಇನ್ನೂ ಎಷ್ಟು ದಿನ ಹೀಗೆ ಗೋಡೆ ನೋಡ್ತೀಯ?"

"ನೀನು ಮನೆ ಬೀಗದ ಕೈ ಕೊಡೋವರೆಗೂ."

ಅವಳು ಬರೆದು ಮುಗಿಸಿದಳು. ಎದ್ದು ಹೋಗಿ, ಎಂಟು ತಿಂಗಳಿಂದ ನೋಡುತ್ತಿದ್ದ ಆ ಬೆನ್ನಿಗೆ ಹಣೆ ಒರಗಿಸಿದಳು.

"ಕೊಟ್ಟೆ," ಎಂದಳು.