ಚರ್ಚಿಗೆ ಹೋದ ಮೊಟ್ಟೆ

"ಅಕ್ಕಾ, ಪೆಪ್ಪರ್ ಇನ್ನೂ ಸ್ವಲ್ಪ ಹಾಕೇ," ಎಂದ ಆಶೇರ್, ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಕೂತು.

"ಶ್! ಮೆತ್ತಗೆ ಮಾತಾಡೋ," ಎಂದಳು ಹೆಪ್ಸಿ. ಕಾವಲಿಯ ಮೇಲೆ ಹಾಫ್ ಬಾಯಿಲ್ ಚುರುಚುರು ಎನ್ನುತ್ತಿತ್ತು.

ಮೆತ್ತಗೆ ಮಾತಾಡುವ ಅಗತ್ಯವೇನೂ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಟೊಮೆಟೊ ಸಸಿ ತರಲು ಮುಳಬಾಗಿಲಿಗೆ ಹೋಗಿದ್ದರು. ಆದರೂ ಕೆಲವು ತಿಂಡಿಗಳನ್ನು ಪಿಸುಮಾತಿನಲ್ಲೇ ತಿನ್ನಬೇಕಾಗುತ್ತದೆ. ಅಕ್ಕ ತಮ್ಮ ಒಂದೇ ತಟ್ಟೆಯಲ್ಲಿ ಎರಡು ಚಮಚ ಇಟ್ಟುಕೊಂಡು, ನಾಲ್ಕೇ ತುತ್ತಿಗೆ ಮೊಟ್ಟೆಯನ್ನು ಮುಗಿಸಿಬಿಟ್ಟರು. ಆಶೇರ್ ತಟ್ಟೆಯನ್ನೂ ನೆಕ್ಕಿದ. ನೆಕ್ಕಿ ಮುಗಿಸಿದ ಮೇಲೆ ಕೇಳಿದ.

"ಅಕ್ಕಾ, ಈಗ ದೇವರಿಗೆ ಏನು ಕೊಡೋದು?"

ಹೆಪ್ಸಿ ಚಮಚ ಕೆಳಗಿಟ್ಟಳು. ಅದು ಅಂತಿಂಥ ಮೊಟ್ಟೆಯಾಗಿರಲಿಲ್ಲ.

ಹೆಪ್ಸಿಯ ಅಪ್ಪ ದೇವದಾನ ಮೊದಲು ಕೋಲಾರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದರು. ಎಂಟು ತಿಂಗಳ ಹಿಂದೆ ಅದನ್ನು ಮುಚ್ಚಿ, ಬೈರಕೂರಿನ ಹತ್ತಿರ ತಾತ ಬಿಟ್ಟುಹೋದ ಒಂದು ಎಕರೆ ಜಮೀನಿಗೆ ಎಲ್ಲರನ್ನೂ ಕರೆತಂದರು. ನಮ್ಮ ಊಟ ನಾವೇ ಬೆಳೆದುಕೊಳ್ಳಬೇಕು ಎನ್ನುವುದು ಅವರ ಆಸೆ. ಬೇಸಾಯವನ್ನೆಲ್ಲ ಅವರು ಕಲಿತದ್ದು ಫೋನಿನ ವಿಡಿಯೋಗಳಿಂದ. ಕೊತ್ತಂಬರಿ ಬೀಜವನ್ನು ಒಡೆಯದೆ ಹಾಗೇ ಬಿತ್ತಿ, ವಾರಗಟ್ಟಲೆ ದಿನಾ ಬೆಳಿಗ್ಗೆ ಹೋಗಿ ಬರಿಯ ಮಣ್ಣಿಗೆ ನೀರು ಹಾಕಿದರು. ಪಕ್ಕದ ಹೊಲದ ಮುನಿಯಲ್ಲಮ್ಮ ಬೇಲಿಯಾಚೆಯಿಂದ ನೋಡಿ ನೋಡಿ ನಗುತ್ತಿದ್ದರು.

ಆಮೇಲೆ ನಾಲ್ಕು ನಾಟಿ ಕೋಳಿಗಳು ಬಂದವು. ಗ್ರೇಸಿ, ಮರ್ಸಿ, ಗ್ಲೋರಿ, ಜಾಯ್ ಎಂದು ಹೆಪ್ಸಿಯೇ ಹೆಸರಿಟ್ಟಳು. ನಾಲ್ಕೂ ಚೆನ್ನಾಗಿ ತಿಂದವು, ಚೆನ್ನಾಗಿ ಕೆದಕಿದವು. ಮೊಟ್ಟೆ ಮಾತ್ರ ಇಡಲಿಲ್ಲ. ಕೊನೆಗೆ ಈ ಗುರುವಾರ ಬೆಳಿಗ್ಗೆ ಗ್ರೇಸಿ ಒಂದು ಮೊಟ್ಟೆ ಇಟ್ಟಳು. ಊರಿಗೇ ಕೇಳುವಂತೆ ಅರಚಿದಳು. ಅಪ್ಪ ಅವಳಿಗಿಂತ ಜೋರಾಗಿ ಅರಚಿದರು.

"ಯಾರೂ ಮುಟ್ಟಬಾರ್ದು! ಮೊದಲ ಫಲ ದೇವರಿಗೆ!"

ಭಾನುವಾರ ಚರ್ಚಿನಲ್ಲಿ ಸುಗ್ಗಿ ಹಬ್ಬ. ಅವತ್ತು ಎಲ್ಲರೂ ತಮ್ಮ ಹೊಲದ, ಹಿತ್ತಿಲಿನ ಮೊದಲ ಬೆಳೆಯನ್ನು ತಂದು ದೇವರ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಹರಾಜು ಹಾಕುತ್ತಾರೆ. ಅಪ್ಪ ಸ್ಟೀಲ್ ಡಬ್ಬಿಗೆ ರಾಗಿ ಸುರಿದು, ಅದರ ಮೇಲೆ ಮೊಟ್ಟೆ ಇಟ್ಟು, ಫೋಟೋ ತೆಗೆದು ಚರ್ಚಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಪಾಸ್ಟರ್ ಕೂಡ ಕೈಮುಗಿಯುವ ಚಿಹ್ನೆ ಕಳಿಸಿದರು.

ಅಂಥ ಮೊಟ್ಟೆಯನ್ನು ಹೆಪ್ಸಿ ಶುಕ್ರವಾರ ಸಂಜೆ ಮೇಲಕ್ಕೆ ಎಸೆದು ಹಿಡಿಯುತ್ತಿದ್ದಳು, "ನೋಡೋ, ಚೆಂಡಿನ ಥರ," ಎಂದು ತಮ್ಮನಿಗೆ ತೋರಿಸುತ್ತ. ಎರಡು ಸಲ ಚೆನ್ನಾಗಿ ಕೈಗೆ ಬಂತು. ಮೂರನೇ ಸಲ ಡಬ್ಬಿಯ ಅಂಚಿಗೆ ತಗುಲಿ ಟಪ್ಪೆಂದು ಬಿರುಕು ಬಿಟ್ಟಿತು.

ಹೆಪ್ಸಿಯ ತಲೆ ತುಂಬ ಚುರುಕು. "ಒಡೆದಿರೋದನ್ನ ದೇವರಿಗೆ ಕೊಡೋ ಹಾಗಿಲ್ಲ. ಬಿಸಾಕಿದ್ರೆ ವೇಸ್ಟ್. ಆಹಾರ ವೇಸ್ಟ್ ಮಾಡೋದು ಪಾಪ ಅಂತ ಸಂಡೇ ಸ್ಕೂಲಲ್ಲಿ ಹೇಳಿದಾರೆ. ಹಾಗಾದ್ರೆ ತಿನ್ನಲೇಬೇಕು," ಎಂದಳು. ಆಶೇರ್ ತಕ್ಷಣ ಒಪ್ಪಿಕೊಂಡ. ಹೀಗೆ ಆ ಹಾಫ್ ಬಾಯಿಲ್ ಆಯಿತು.

ಶನಿವಾರ ಇಬ್ಬರೂ ಗ್ರೇಸಿಯ ಹಿಂದೆ ಹಿಂದೆ ಸುತ್ತಿದರು. ಅಕ್ಕಿ ಕೊಟ್ಟರು, ಕಡಲೆಬೀಜ ಕೊಟ್ಟರು. "ಪ್ಲೀಸ್ ಗ್ರೇಸಿ, ಇನ್ನೊಂದೇ ಒಂದು," ಎಂದು ಆಶೇರ್ ಮಂಡಿಯೂರಿ ಬೇಡಿಕೊಂಡ. ಗ್ರೇಸಿ ಎಲ್ಲವನ್ನೂ ತಿಂದು, ಪುಕ್ಕ ಕೊಡವಿ, ಬೇರೆ ಕಡೆ ಹೋದಳು.

ಸಂಜೆ ಹೆಪ್ಸಿ ಅಶ್ವತ್ಥಪ್ಪನವರ ಅಂಗಡಿಗೆ ಹೋದಳು.

"ಒಂದೇ ಒಂದು ಮೊಟ್ಟೆನಾ? ಯಾಕಮ್ಮ?" ಎಂದು ಅವರು ಕೇಳಿದರು.

"ನಮ್ಮ ಕೋಳಿಗೆ ತೋರ್ಸೋಕೆ ಮಾಮ. ಹೇಗಿಡಬೇಕು ಅಂತ ಅದಕ್ಕೆ ಮರೆತೋಗಿದೆ."

ಅಂಗಡಿಯ ಮೊಟ್ಟೆ ಸುಣ್ಣದಂತೆ ಬೆಳ್ಳಗಿತ್ತು. ಗ್ರೇಸಿಯದು ತಿಳಿಕಂದು. ಅದಕ್ಕೂ ಹೆಪ್ಸಿಯ ಬಳಿ ಉಪಾಯವಿತ್ತು. ಅಮ್ಮ ಉಳಿಸಿದ್ದ ಟೀ ಡಿಕಾಕ್ಷನ್ ಅನ್ನು ಲೋಟಕ್ಕೆ ಸುರಿದು, ಮೊಟ್ಟೆಯನ್ನು ಅದರಲ್ಲಿ ಮುಳುಗಿಸಿ, ಮಂಚದ ಕೆಳಗೆ ಇಟ್ಟಳು.

"ಹಾಲು ಹಾಕೋದು ಬೇಡ್ವಾ?" ಎಂದ ಆಶೇರ್.

ಮಲಗುವ ಹೊತ್ತಿಗೆ ಮೊಟ್ಟೆಗೆ ಒಳ್ಳೆಯ ಬಣ್ಣ ಬಂದಿತ್ತು. ಲೋಟಕ್ಕೆ ಒತ್ತಿಕೊಂಡಿದ್ದ ಕಡೆ ಮಾತ್ರ ಒಂದು ಬಿಳಿ ಚುಕ್ಕೆ ಉಳಿದಿತ್ತು. ಆ ಕಡೆಯನ್ನು ರಾಗಿಯೊಳಗೆ ಹೂತಿಟ್ಟಳು.

ಭಾನುವಾರ ಬೆಳಿಗ್ಗೆ ಅಪ್ಪ ಡಬ್ಬಿಯ ಮುಚ್ಚಳ ತೆಗೆದು ಮೂಗರಳಿಸಿದರು. "ಸುನಂದಾ, ಈ ಡಬ್ಬೀಲಿ ಮೊದ್ಲು ಟೀ ಪುಡಿ ಇತ್ತಾ?"

"ಟೀ ಬೇಕು ಅಂದ್ರೆ ನೇರವಾಗಿ ಕೇಳಬಾರ್ದಾ?" ಎಂದರು ಅಮ್ಮ ಒಳಗಿನಿಂದ. ಆಶೇರ್ ಬಾಯಿಗೆ ಟವೆಲ್ ತುರುಕಿಕೊಂಡು ಹೊರಗೆ ಓಡಿದ.

ಚರ್ಚಿನಲ್ಲಿ ಮೇಜಿನ ತುಂಬ ಕುಂಬಳಕಾಯಿ, ಅವರೆಕಾಯಿ, ರಾಗಿ ತೆನೆ, ಕಬ್ಬು. ನಡುವೆ ಹೆಪ್ಸಿಯ ಡಬ್ಬಿ. ಹರಾಜಿನಲ್ಲಿ ಮೊಟ್ಟೆಯನ್ನು ಒಬ್ಬರು ಕೊಂಡು, ಮತ್ತೆ ಹರಾಜಿಗೇ ಎಂದು ಮೇಜಿನ ಮೇಲಿಟ್ಟರು. ಇನ್ನೊಬ್ಬರೂ ಹಾಗೇ ಮಾಡಿದರು. ಅಪ್ಪನ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. ಮೂರನೇ ಸಲ, ಹಿಂದೆ ಚಾಪೆಯ ಮೇಲೆ ಕೂತಿದ್ದ ಮಾರ್ತಮ್ಮಜ್ಜಿ ಕೈ ಎತ್ತಿದರು. ಅಜ್ಜಿಗಿಂತ ಹೆಚ್ಚು ಬೆಲೆ ಕೂಗಲು ಯಾರಿಗೂ ಮನಸ್ಸಾಗಲಿಲ್ಲ.

"ಇದನ್ನ ಬೇಯಿಸಲ್ಲ ನಾನು," ಎಂದರು ಅಜ್ಜಿ, ಮೊಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ. "ನಮ್ಮ ಕೋಳಿ ಕಾವಿಗೆ ಕೂತೈತೆ. ಅದ್ರ ಕೆಳಗಿಟ್ಟು ಮರಿ ಮಾಡಿಸ್ತೀನಿ. ಪಾಪ, ಪಟ್ಟಣದಿಂದ ಬಂದು ಬೆಳೆದಿದಾರೆ, ದೇವರ ಮೊಟ್ಟೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಪ್ಸಿಯೂ ತಟ್ಟಿದಳು. ಗೆದ್ದೆ ಎಂದುಕೊಂಡಳು.

ಸೋಮವಾರ ಯಾಕೋ ಸಣ್ಣ ಅನುಮಾನ ಶುರುವಾಯಿತು. ಬೇಲಿಯ ಹತ್ತಿರ ಹೋಗಿ ಏನೂ ಗೊತ್ತಿಲ್ಲದವಳಂತೆ ಕೇಳಿದಳು. "ಮುನಿಯಲ್ಲಮ್ಮಕ್ಕಾ, ಅಂಗಡಿ ಮೊಟ್ಟೆ ಕಾವಿಗಿಟ್ರೆ ಎಂಥ ಮರಿ ಬರುತ್ತೆ?"

"ಅಯ್ಯೋ ನಾ ತಲ್ಲೀ, ನನ್ ತಾಯೀ!" ಮುನಿಯಲ್ಲಮ್ಮ ಕುಡುಗೋಲು ಕೆಳಗಿಟ್ಟು ನಕ್ಕರು. "ಫಾರಂ ಮೊಟ್ಟೆ ಎಲ್ಲಾದ್ರೂ ಮರಿ ಆಗ್ತದಾ? ಇಪ್ಪತ್ತೊಂದು ದಿನ ಆದ್ಮೇಲೆ ಕೊಳೆತು ನಾರ್ತದೆ, ಅಷ್ಟೇ. ಯಾಕೆ ಪಾಪಾ, ನಿಮ್ಮಪ್ಪ ಇಟ್ಟವ್ರಾ?"

ಹೆಪ್ಸಿ ಕ್ಯಾಲೆಂಡರ್ ನೋಡಿದಳು. ಇಪ್ಪತ್ತೊಂದನೇ ದಿನ ಸರಿಯಾಗಿ ಭಾನುವಾರವೇ ಬರುತ್ತಿತ್ತು. ಇಡೀ ಚರ್ಚು ಅಪ್ಪನನ್ನು ಮರಿ ಎಲ್ಲಿ ಎಂದು ಕೇಳುತ್ತದೆ. ಅಪ್ಪ ಅವಳ ಮುಖ ನೋಡುತ್ತಾರೆ. ಅದನ್ನು ನೆನೆದು ಅವಳಿಗೆ ಮುದ್ದೆಯೂ ಇಳಿಯಲಿಲ್ಲ.

ಆದರೆ ಬುಧವಾರ ಬೆಳಿಗ್ಗೆ ಗ್ರೇಸಿ ಮತ್ತೊಂದು ಮೊಟ್ಟೆ ಇಟ್ಟಳು! ಅಪ್ಪ ಬರುವ ಮೊದಲೇ ಹೆಪ್ಸಿ ಅದನ್ನು ಎತ್ತಿ, ಕರ್ಚೀಫಿನಲ್ಲಿ ಸುತ್ತಿ, ಟಿಫನ್ ಬಾಕ್ಸಿನಲ್ಲಿ ಅಡಗಿಸಿದಳು. ಸ್ಕೂಲು ಬಿಟ್ಟ ಮೇಲೆ ನೇರವಾಗಿ ಮಾರ್ತಮ್ಮಜ್ಜಿಯ ಮನೆಗೆ ಹೋದಳು. ಅಜ್ಜಿ ಕಾಣಲಿಲ್ಲ. ಜಗುಲಿಯ ಮೂಲೆಯಲ್ಲಿ, ಹುಲ್ಲು ಹಾಸಿದ ಮಂಕರಿಯಲ್ಲಿ ಪುಟ್ಟ ಕಪ್ಪು ಕೋಳಿ ಮೈ ಉಬ್ಬಿಸಿಕೊಂಡು ಕೂತಿತ್ತು. ಹೆಪ್ಸಿ ಮೆಲ್ಲಗೆ ಕೈ ತೂರಿಸಿದಳು.

"ಕೊಕ್ಕೊಕ್ಕೋ!" ಕೋಳಿ ಕೈಯನ್ನು ಕುಕ್ಕಿತು. ಹೆಪ್ಸಿ ಅದಕ್ಕಿಂತ ಜೋರಾಗಿ ಕಿರುಚಿದಳು.

"ಯಾರದು?" ಅಜ್ಜಿ ಹಿತ್ತಿಲಿನಿಂದ ಬಂದರು. ಹೆಪ್ಸಿಯನ್ನು ನೋಡಿ ಮುಖ ಅರಳಿತು. "ಓ, ನಿನ್ನ ಮೊಟ್ಟೆ ನೋಡೋಕೆ ಬಂದ್ಯಾ? ನೋಡು, ಸರಿಯಾಗಿ ಮಧ್ಯ ಇಟ್ಟಿದೀನಿ, ಅಲ್ಲೇ ಬಿಸಿ ಜಾಸ್ತಿ. ಇದು ಚಿಕ್ಕ ಕೋಳಿ, ಒಂಬತ್ತಕ್ಕಿಂತ ಹೆಚ್ಚು ಮುಚ್ಚಲ್ಲ. ನಿಮ್ಮದಕ್ಕೆ ಜಾಗ ಬೇಕಲ್ಲ ಅಂತ ನಮ್ಮದೊಂದನ್ನ ತೆಗೆದುಬಿಟ್ಟೆ."

"ತೆಗೆದಿದ್ದು ಎಲ್ಲಿದೆ ಅಜ್ಜಿ?"

"ಅವತ್ತೇ ಸಾರಾಯ್ತು."

ಅಜ್ಜಿ ಅದನ್ನು ತುಂಬ ಸಲೀಸಾಗಿ ಹೇಳಿದರು. ಹೆಪ್ಸಿಗೆ ಮಾತ್ರ ಕುಕ್ಕಿಸಿಕೊಂಡ ಕೈಗಿಂತ ಎದೆಯೊಳಗೆ ಹೆಚ್ಚು ನೋವಾಯಿತು. ಟೀಯಲ್ಲಿ ಅದ್ದಿದ ಮೊಟ್ಟೆಗಾಗಿ ನಿಜವಾದ ಒಂದು ಮರಿ ಹೋಗಿತ್ತು. ಅದನ್ನು ಎಂಥ ಉಪಾಯದಿಂದಲೂ ವಾಪಸು ತರಲು ಆಗುತ್ತಿರಲಿಲ್ಲ.

"ಅಜ್ಜಿ, ಅದು ಅಂಗಡಿ ಮೊಟ್ಟೆ," ಎಂದಳು. ಆಮೇಲೆ ಎಸೆದದ್ದು, ಒಡೆದದ್ದು, ತಿಂದದ್ದು, ಡಿಕಾಕ್ಷನ್, ಎಲ್ಲವೂ ಒಂದೇ ಉಸಿರಿಗೆ ಹೊರಬಂದವು. ಜೊತೆಗೆ ಅಳುವೂ ಬಂತು. "ಇದು ನಿಜವಾಗ್ಲೂ ಗ್ರೇಸೀದೇ. ಇದನ್ನಿಡಿ," ಎಂದು ಟಿಫನ್ ಬಾಕ್ಸ್ ಚಾಚಿದಳು.

ಅಜ್ಜಿ ಮಂಕರಿಯಿಂದ ಟೀ ಮೊಟ್ಟೆಯನ್ನು ತೆಗೆದು ಮೂಸಿ ನೋಡಿದರು. ಆಮೇಲೆ ಗ್ರೇಸಿಯ ಮೊಟ್ಟೆಯನ್ನು ಕೈಗೆತ್ತಿಕೊಂಡು ಕೇಳಿದರು. "ನಿಮ್ಮನೇಲಿ ಹುಂಜ ಐತಾ?"

"ಹುಂಜ? ಇಲ್ಲ. ನಾಲ್ಕೂ ಹೆಣ್ಣೇ. ಹುಂಜ ಮೊಟ್ಟೆ ಇಡಲ್ಲ, ಅದಕ್ಕೆ ಮೇವು ದಂಡ ಅಂದ್ರು ಅಪ್ಪ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕಂಬ ಹಿಡಿದುಕೊಂಡು ನಕ್ಕರು, ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. "ಹುಂಜ ಇಲ್ದೆ ಮರಿ ಹೆಂಗೆ ಬರುತ್ತೆ ಮಗಾ? ನಿನ್ನ ಗ್ರೇಸಿ ಮೊಟ್ಟೇನೂ ಅಷ್ಟೇ, ಅಂಗಡಿ ಮೊಟ್ಟೇನೂ ಅಷ್ಟೇ! ನಾನೂ ಕೇಳ್ದೆ ಇಟ್ಟೆ ನೋಡು."

ಹೆಪ್ಸಿ ಅಳು ನಿಲ್ಲಿಸಿದಳು. ಅವಳ ಚುರುಕು ತಲೆ ಮತ್ತೆ ಓಡತೊಡಗಿತು. "ಹಾಗಾದ್ರೆ ಅಜ್ಜಿ, ಯಾವ್ದಿಟ್ಟಿದ್ರೂ ಮರಿ ಬರ್ತಿರ್ಲಿಲ್ಲ. ಅಂದ್ರೆ ನನ್ನ ತಪ್ಪು ಕ್ಯಾನ್ಸಲ್ಲಾ?"

"ಆಹಾ! ಜಾಣೆ!" ಎಂದರು ಅಜ್ಜಿ. ನೇರವಾಗಿ ಹಿತ್ತಿಲಿಗೆ ಹೋದರು. ಅಲ್ಲಿ ಸ್ವಲ್ಪ ಹೊತ್ತು ಗಲಾಟೆ, ರೆಕ್ಕೆಯ ಸದ್ದು. ಬರುವಾಗ ಕೈಯಲ್ಲಿ ಕಾಲು ಕಟ್ಟಿದ ಒಂದು ಕೆಂಪು ಹುಂಜವಿತ್ತು.

"ಎರಡಿವೆ ನಂಗೆ. ದಿನಾ ಜಗಳ. ಇದನ್ನ ನಿಮ್ಮಪ್ಪನಿಗೆ ಕೊಡು."

"ಅಪ್ಪ ಯಾಕೆ ಅಂತ ಕೇಳ್ತಾರಲ್ಲ ಅಜ್ಜಿ! ನೀವೇ ಬಂದು ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ? ಹಾಫ್ ಬಾಯಿಲ್ ನಾನು ತಿಂದ್ನಾ?"

ಹೆಪ್ಸಿ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಅದು ಭಾರವಾಗಿತ್ತು. ರಸ್ತೆಗೆ ಬಂದದ್ದೇ ತಡ, ಕತ್ತು ಚಾಚಿ "ಕೊಕ್ಕೊಕ್ಕೋ... ಕೋ!" ಎಂದು ಕೂಗಿತು. ಅಶ್ವತ್ಥಪ್ಪ ಅಂಗಡಿಯಿಂದ ತಲೆ ಹೊರಹಾಕಿದರು. "ಏನಮ್ಮ, ಈಗ ಇದನ್ನ ಯಾರಿಗೆ ತೋರ್ಸೋಕೆ?"

ಹೆಪ್ಸಿ ಸ್ವೆಟರ್ ಬಿಚ್ಚಿ ಹುಂಜದ ತಲೆಗೆ ಮುಚ್ಚಿದಳು. ಸ್ವೆಟರಿನೊಳಗಿನಿಂದ ಅದು ಇನ್ನೂ ಜೋರಾಗಿ ಕೂಗಿತು. ದಾರಿಯುದ್ದಕ್ಕೂ ಅವಳು ನಾಲ್ಕು ಕತೆ ಕಟ್ಟಿದಳು. ದಾರಿಯಲ್ಲಿ ಸಿಕ್ಕಿತು. ಸ್ಕೂಲಲ್ಲಿ ಪ್ರೈಜ್ ಬಂತು. ಹಾರಿಬಂದು ಕೈಮೇಲೆ ಕೂತಿತು. ನಾಲ್ಕನೆಯದು ಇವಕ್ಕಿಂತಲೂ ಕೆಟ್ಟದಾಗಿತ್ತು.

ಪಾಕೆಟ್ಟಿನಲ್ಲಿ ಬಚ್ಚಿಟ್ಟುಕೊಂಡು ಬರುವಂಥದ್ದನ್ನು ಅಜ್ಜಿ ಯಾಕೆ ಕೊಡಲಿಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು. ಆ ಜಾಣ ಅಜ್ಜಿಯ ಮೇಲೆ ಸಿಟ್ಟೂ ಬಂತು, ನಗುವೂ ಬಂತು. ಸ್ವೆಟರನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು. ಹುಂಜ ನೆಮ್ಮದಿಯಾಗಿ ಕತ್ತು ಎತ್ತಿ ಅತ್ತಿತ್ತ ನೋಡಿತು.

ಗೇಟಿನ ಹತ್ತಿರ ಬಂದಾಗ ಟೊಮೆಟೊ ಪಾತಿಯಲ್ಲಿದ್ದ ಅಪ್ಪ ಎದ್ದು ನಿಂತರು. ಕೈಯಲ್ಲಿನ ಮಣ್ಣು ಕೊಡವುತ್ತ, ಕಣ್ಣರಳಿಸಿ ಹುಂಜವನ್ನು ನೋಡಿ, ಏನೋ ಕೇಳಲು ಬಾಯಿ ತೆರೆದರು.

"ಅಪ್ಪಾ, ನೀವು ಕೇಳಬೇಡಿ," ಎಂದಳು ಹೆಪ್ಸಿ. "ನಾನೇ ಹೇಳ್ತೀನಿ. ಫಸ್ಟ್ ಕೂತ್ಕೊಳ್ಳಿ."