ಮುಖ ಉಳಿದ ಮನೆ

ಇದನ್ನು ದೆವ್ವ ಎನ್ನಲು ನನಗೆ ನಾಚಿಕೆ. ಅದಕ್ಕಿಂತ ಹೆಚ್ಚಿನ ನಾಚಿಕೆ ಅಂದು ನಾನಾಡಿದ ಮಾತಿಗೆ.

ನಮ್ಮ ಹಳೇ ಪೇಟೆಗೆ ಪಾರಂಪರಿಕ ತಾಣದ ಪಟ್ಟ ಕೊಡಬಹುದೇ ಎಂದು ನೋಡಲು ಪರಿಶೀಲಕಿಯೊಬ್ಬರು ಬಂದಿದ್ದರು. ನಗರಸಭೆಯ ನಾವು ಬೀದಿಗೆ ಕಾಣುವ ಮುಂಗೋಡೆಗಳನ್ನಷ್ಟೇ ಉಳಿಸಿ, ಹಿಂದಿನ ಮನೆಗಳನ್ನೆಲ್ಲ ಕೆಡವಿದ್ದೆವು. "ಮುಖ ಉಳಿಸಿ ಹೊಟ್ಟೆ ಬಗೀತೀರಲ್ಲಪ್ಪ," ಎಂದಿದ್ದ ಮೂಲೆಮನೆಯ ಅಜ್ಜಿ ಆಮೇಲೆ ಹೆಚ್ಚು ದಿನ ಬದುಕಲಿಲ್ಲ.

ಮಟಮಟ ಮಧ್ಯಾಹ್ನ. ಅಜ್ಜಿಯ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಜೊತೆಗೆ ಆಗಷ್ಟೇ ಒರೆಸಿದ ನೆಲದ ವಾಸನೆ. ಪರಿಶೀಲಕಿ ಬಾಗಿಲು ತಟ್ಟಿದರು.

"ಬಂದೆ, ತಾಳಿ," ಎಂದಿತು ಒಳಗಿನ ದನಿ. ಚಪ್ಪಲಿ ಎಳೆಯುವ ಸದ್ದು ಹತ್ತಿರವಾಯಿತು.

"ಓ, ಜನ ಇನ್ನೂ ವಾಸ ಇದಾರಾ?" ಪರಿಶೀಲಕಿಯ ಮುಖ ಅರಳಿತು.

ಆಚೆಗಿರುವುದು ಬರೀ ಕಲ್ಲುರಾಶಿ ಎಂದು ಗೊತ್ತಿದ್ದೂ ಹೇಳಿದೆ: "ಇದಾರೆ ಮೇಡಂ. ವಯಸ್ಸಾದೋರು, ತೊಂದರೆ ಕೊಡೋದು ಬೇಡ."

ಸದ್ದು ಬಾಗಿಲ ಹಿಂದೆಯೇ ನಿಂತಿತು. ನಾವು ಮುಂದೆ ನಡೆದೆವು. ಪಟ್ಟವೂ ಸಿಕ್ಕಿತು.

ಪರಿಶೀಲನೆಯ ದಿನವೇ ಸಂಜೆ ಒಬ್ಬನೇ ಗೋಡೆಯ ಹಿಂಬದಿಗೆ ಹೋಗಿದ್ದೆ. ಕಲ್ಲುರಾಶಿಯ ನಡುವೆ ಬಾಗಿಲಗಲದ ನೆಲ ಮಾತ್ರ ಒದ್ದೆಯಾಗಿತ್ತು. ಕೆಡವುವಾಗ ಬಾಗಿಲಿಗೆ ಒಳಗಿನಿಂದ ನಾನೇ ಹಾಕಿಸಿದ್ದ ಚಿಲಕ ತೆಗೆದಿತ್ತು.

ನಾವೇ ಬಾಗಿಲು ತಳ್ಳಿರಲಿಲ್ಲ.